ಸದ್ದು ಹೇಗಿತ್ತು? ಸದ್ದು ಯಾರದು?

ಹಳೆಯ ಬಾಗಿಲು ತೆರೆದಾಗ ನಾವು ‘ಕಿರ್ರ್’ ಎಂದಿತು ಎನ್ನುತ್ತೇವೆ. ಇಂಗ್ಲಿಷರು ಅದನ್ನು ‘ಕ್ರೀಕ್’ ಎನ್ನುತ್ತಾರೆ, ಅರಬ್ಬರು ‘ಸರೀರ್’ ಎನ್ನುತ್ತಾರೆ. ಬಾಗಿಲು ಒಂದೇ, ತುಕ್ಕು ಹಿಡಿದ ಕೀಲೂ ಒಂದೇ. ಗಾಳಿಯಲ್ಲಿ ಉಂಟಾಗುವ ಕಂಪನವನ್ನು ಯಂತ್ರವಿಟ್ಟು ಅಳೆದರೆ ಬೆಂಗಳೂರಿನಲ್ಲೂ ಕೈರೋದಲ್ಲೂ ವ್ಯತ್ಯಾಸವಿರದು. ಹೀಗಿರುವಾಗ ಸದ್ದಿನ ಪದಗಳ ಅನುವಾದ ಎಲ್ಲಕ್ಕಿಂತ ಸುಲಭವಾಗಬೇಕಿತ್ತಲ್ಲವೆ?

ವಿಜ್ಞಾನ ಓದಿ ಬಂದ ನಾನೂ ಹಾಗೆಯೇ ತಿಳಿದಿದ್ದೆ. ಕಿವಿ ಕೇಳದ ವೀಕ್ಷಕರಿಗಾಗಿ ಇಂಗ್ಲಿಷ್ ಸಾಕ್ಷ್ಯಚಿತ್ರವೊಂದಕ್ಕೆ ಕನ್ನಡ ಅಡಿಬರಹ ಸಿದ್ಧಪಡಿಸುವಾಗ ಆ ನಂಬಿಕೆ ಸಡಿಲಾಯಿತು. ಮಾತಿನ ಅನುವಾದ ಬೇಗ ಮುಗಿಯಿತು, ತೊಡಕಾದದ್ದು ಸದ್ದುಗಳು. ‘ರೋರ್’ ಎಂಬ ಒಂದೇ ಪದವನ್ನು ಸಿಂಹಕ್ಕೂ ಕಡಲಿಗೂ ಗುಡುಗಿಗೂ ಬಳಸಿದ್ದರು. ನಮಗೆ ಸಿಂಹದ್ದು ಗರ್ಜನೆ, ಕಡಲಿನದು ಭೋರ್ಗರೆತ, ಮುಗಿಲಿನದು ಗುಡುಗು. ಅರಬ್ಬಿಯಲ್ಲೂ ಹೀಗೆಯೇ: ಸಿಂಹದ್ದು ‘ಝಈರ್’, ಕಡಲಿನದು ‘ಹದೀರ್’, ಗುಡುಗಿನದು ‘ಹಝೀಮ್’. ಇಂಗ್ಲಿಷ್ ಇಲ್ಲಿ ಸದ್ದು ಹೇಗಿತ್ತೆಂದು ಕೇಳಿದರೆ, ಅರಬ್ಬಿ ಸದ್ದು ಯಾರದೆಂದು ಕೇಳುತ್ತದೆ.

ಅರಬ್ಬರು ಈ ವಿಷಯವನ್ನು ಬಹು ಹಿಂದೆಯೇ ಶಾಸ್ತ್ರವಾಗಿ ಆಲೋಚಿಸಿದ್ದರು. 8ನೇ ಶತಮಾನದಲ್ಲಿ ಇಂದಿನ ಇರಾಕಿನ ಬಸ್ರಾ ಪಟ್ಟಣದಲ್ಲಿದ್ದ ಅಲ್ ಖಲೀಲ್ ಅರಬ್ಬಿಯ ಮೊದಲ ನಿಘಂಟನ್ನು ರೂಪಿಸಿದ. ಛಂದಸ್ಸಿಗೆ ಶಾಸ್ತ್ರ ಕಟ್ಟಿದವನೂ ಅವನೇ. ಪೇಟೆಯಲ್ಲಿ ಕಂಚುಗಾರರ ಸುತ್ತಿಗೆಯ ಪೆಟ್ಟುಗಳನ್ನು ಕೇಳಿ ಛಂದಸ್ಸಿನ ಲಯ ಅವನಿಗೆ ಹೊಳೆಯಿತೆಂದು ಪ್ರತೀತಿ. ಮಿಡತೆಯ ಸದ್ದು ಎಳೆದಂತೆ ಕೇಳುವುದರಿಂದ ಜನ ಅದನ್ನು ‘ಸರ್ರ’ ಎಂದರು, ಡೇಗೆಯ ಕೂಗು ಕಡಿದು ಕಡಿದು ಬರುವುದರಿಂದ ‘ಸರ್‌ಸರ’ ಎಂದರು ಎಂಬುದು ಅವನ ವಿವರಣೆ.

1002ರಲ್ಲಿ ತೀರಿಕೊಂಡ ಇಬ್ನ್ ಜಿನ್ನಿ ಈ ವಿಚಾರವನ್ನು ಇನ್ನೂ ಮುಂದಕ್ಕೆ ಒಯ್ದ. ಸೌತೆ, ಕಲ್ಲಂಗಡಿಯಂಥ ಹಸಿ ಪದಾರ್ಥ ತಿನ್ನುವುದಕ್ಕೆ ‘ಖದ್ಮ್’, ಕಾಳಿನಂಥ ಒಣ ಪದಾರ್ಥ ಕಡಿಯುವುದಕ್ಕೆ ‘ಕದ್ಮ್’ ಎಂಬ ಪದಗಳಿವೆ. ಮೊದಲನೆಯದರ ಅಕ್ಷರ ಗಂಟಲನ್ನು ಸವರಿ ಬರುವ ಮೃದು ಅಕ್ಷರ. ಎರಡನೆಯದು ಗಂಟಲಾಳದಿಂದ ಸಿಡಿಯುವ ಗಟ್ಟಿ ಅಕ್ಷರ. ತಿನ್ನುವ ವಸ್ತುವಿನ ಗುಣವೇ ಅಕ್ಷರಕ್ಕೆ ಬಂದಿದೆ ಎಂದು ಅವನು ವಾದಿಸಿದ. ನಿಶಾಪುರದ ಥಆಲಿಬಿ (961–1038) ತನ್ನ ಪದಕೋಶದಲ್ಲಿ ಸದ್ದುಗಳಿಗೇ ಒಂದು ಭಾಗವನ್ನು ಮೀಸಲಿಟ್ಟ. ಹರಿವ ನೀರಿನದು ‘ಖರೀರ್’, ಎಲೆಗಳದು ‘ಹಫೀಫ್’, ಕತ್ತಿಯದು ‘ಸಲೀಲ್’. ಇವೆಲ್ಲ ಒಂದೇ ಅಚ್ಚಿನಿಂದ ತೆಗೆದ ಪದಗಳೆಂಬುದನ್ನು ನೀವು ಗಮನಿಸಿರಬಹುದು. ನಾವು ಜುಳುಜುಳು, ಸರಸರ, ಝಣಝಣ ಎಂದು ಪದವನ್ನು ಎರಡು ಸಲ ನುಡಿದು ಮಾಡುವ ಕೆಲಸವನ್ನು ಅರಬ್ಬಿ ಈ ಅಚ್ಚಿನಿಂದ ಮಾಡುತ್ತದೆ. ಎರಡು ಸಲ ನುಡಿಯುವ ಕ್ರಮವೂ ಅಲ್ಲಿಲ್ಲದೆ ಇಲ್ಲ: ಆಭರಣಗಳ ಸಣ್ಣ ಸದ್ದಿಗೆ ಅವರು ‘ವಸ್‌ವಾಸ್’ ಎನ್ನುತ್ತಾರೆ.

ಈ ಸಂಪತ್ತನ್ನು ಇಂಗ್ಲಿಷಿಗೆ ದಾಟಿಸುವ ಕಷ್ಟ ಎಡ್ವರ್ಡ್ ವಿಲಿಯಂ ಲೇನ್ ಪಾಲಿಗೆ ಬಂತು. 1842ರಲ್ಲಿ ಕೈರೋಗೆ ಹೋಗಿ ಅವರು ಆರಂಭಿಸಿದ ಅರಬ್ಬಿ–ಇಂಗ್ಲಿಷ್ ನಿಘಂಟು 1863ರಿಂದ 1893ರವರೆಗೆ 8 ಭಾಗಗಳಲ್ಲಿ ಹೊರಬಂತು. 1876ರಲ್ಲಿ ತೀರಿಕೊಂಡ ಲೇನ್ ಅದರ ಕೊನೆಯನ್ನು ಕಾಣಲಿಲ್ಲ. ಅವರಿಗೆ ಮುಖ್ಯ ಆಧಾರವಾಗಿದ್ದ ಮಹಾಕೋಶವನ್ನು ಬರೆದ ಮುರ್ತಜಾ ಅಲ್ ಝಬೀದಿ ಹುಟ್ಟಿದ್ದು 1732ರಲ್ಲಿ, ನಮ್ಮ ಉತ್ತರ ಭಾರತದ ಬಿಲ್‌ಗ್ರಾಮದಲ್ಲಿ! ಅರಬ್ಬಿಯ ಒಂದು ಪದಕ್ಕೆ ಇಂಗ್ಲಿಷಿನ ಒಂದು ಪದ ಸಾಲದೆ ಹೋದಾಗ ಲೇನ್ ‘ಇಂಥ ವಸ್ತು ಹೊರಡಿಸುವ ಸದ್ದು’ ಎಂಬ ರೀತಿಯಲ್ಲಿ ವಿವರಿಸಬೇಕಾಗುತ್ತಿತ್ತು.

ನಮ್ಮ ಕಾಲದ ಉದಾಹರಣೆಯೊಂದನ್ನು ನೋಡಿ. ಗಣಕಯಂತ್ರದ ‘ಕ್ಲಿಕ್’ ಅನ್ನು ನಾವು ಹಾಗೆಯೇ ಉಳಿಸಿಕೊಂಡು ‘ಕ್ಲಿಕ್ ಮಾಡಿ’ ಎಂದೆವು. ಪದದ ಮೊದಲಿಗೆ ಎರಡು ವ್ಯಂಜನಗಳು ಕೂಡಿ ಬರುವುದು ಅರಬ್ಬಿಯ ಜಾಯಮಾನವಲ್ಲ. ಅವರು ಹಕ್ಕಿ ಕೊಕ್ಕಿನಿಂದ ಕುಕ್ಕುವುದಕ್ಕೂ ತಮಟೆಯನ್ನು ಬಡಿಯುವುದಕ್ಕೂ ಇದ್ದ ‘ನಕ್ರ್’ ಎಂಬ ಹಳೆಯ ಪದವನ್ನು ಅದಕ್ಕೆ ಒದಗಿಸಿದರು. ಅದೇ ಧಾತುವಿನಿಂದ ಹುಟ್ಟಿದ ‘ನಕ್ಕಾರಾ’ ಎಂಬ ವಾದ್ಯ ಶತಮಾನಗಳ ಹಿಂದೆಯೇ ಹಲವು ನಾಡುಗಳನ್ನು ದಾಟಿ ಬಂದು ಕನ್ನಡದ ‘ನಗಾರಿ’ಯಾಗಿದೆ. ಸದ್ದು ಬದಲಾಯಿತು, ಬಡಿಯುವ ಕ್ರಿಯೆ ಉಳಿಯಿತು.

ಇದೆಲ್ಲ ಪಂಡಿತರ ಚರ್ಚೆ ಎಂದು ಪುಟ ತಿರುಗಿಸಬೇಡಿ. 1972ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಜೂಲಿಯಾ ಚೈಲ್ಡ್ ಅವರ ಅಡುಗೆ ಕಾರ್ಯಕ್ರಮ ಕಿವುಡರಿಗಾಗಿ ಅಡಿಬರಹದೊಡನೆ ಪ್ರಸಾರವಾಯಿತು. ಅಂದಿನಿಂದ ಸದ್ದಿನ ಪದ ಅಲಂಕಾರವಾಗಿ ಉಳಿದಿಲ್ಲ, ಅದೊಂದು ಸುದ್ದಿ. ಬೆನ್ನ ಹಿಂದೆ ಬಾಗಿಲು ತೆರೆದದ್ದು ತಿಳಿಯದಿದ್ದರೆ ಕಥೆಯೇ ತಿಳಿಯದು.

ನಮ್ಮ ಸಾಕ್ಷ್ಯಚಿತ್ರವನ್ನು ಮೊದಲು ನೋಡಿದವರಲ್ಲಿ ಹುಟ್ಟಿನಿಂದಲೇ ಕಿವಿ ಕೇಳದ ಒಬ್ಬ ಮಹಿಳೆಯಿದ್ದರು. ‘ಕಿರ್ರ್’ ಎಂದು ಬರೆದರೆ ತಮಗೇನೂ ತಿಳಿಯುವುದಿಲ್ಲ, ಏನು ಸದ್ದು ಮಾಡಿತೆಂದು ಬರೆಯಿರಿ ಎಂದು ಅವರು ಸನ್ನೆಯಲ್ಲಿ ಹೇಳಿಸಿದರು. ಪಕ್ಕದಲ್ಲಿದ್ದ ಹಿರಿಯರು ವಯಸ್ಸಾದ ಮೇಲೆ ಶ್ರವಣಶಕ್ತಿ ಕಳೆದುಕೊಂಡವರು. ಅವರು, ‘ಕಿರ್ರ್ ತೆಗೀಬೇಡಿ ಸ್ವಾಮಿ, ಅದನ್ನು ಓದಿದಾಗ ನಮ್ಮೂರಿನ ಮನೆ ಬಾಗಿಲು ಕೇಳಿಸಿದ ಹಾಗಾಯ್ತು’ ಎಂದರು.

ಇಬ್ಬರ ಮಾತೂ ಸರಿಯೇ. ಕೊನೆಗೆ ನಾವು ‘ಹಿತ್ತಿಲ ಬಾಗಿಲು ಕಿರ್ರ್ ಎಂದಿತು’ ಎಂದು ಬರೆದೆವು. ಸಾಲು ಉದ್ದವಾಯಿತು, ಪರದೆಯ ಮೇಲೆ ಒಂದು ಕ್ಷಣ ಹೆಚ್ಚು ನಿಲ್ಲಿಸಬೇಕಾಯಿತು. ಮುಂದಿನ ಸಲ ಅಡಿಬರಹವಿರುವ ಚಿತ್ರವನ್ನು ನೋಡುವಾಗ ಧ್ವನಿಯನ್ನು ಐದು ನಿಮಿಷ ಪೂರ್ತಿ ನಿಲ್ಲಿಸಿ ನೋಡಿ. ಆ ಒಂದು ಕ್ಷಣದ ಬೆಲೆ ನಿಮಗೂ ತಿಳಿದೀತು.