ಹಳೆ ಸೀರೆಗೆ ಬೆಲೆ ಇದ್ದಾಗ

ಹಾಕಿ ಬಿಟ್ಟ ಬಟ್ಟೆಯನ್ನು ವಾಪಸ್ ಪಡೆಯುವುದನ್ನು ಈಗಿನ ಮಳಿಗೆಗಳು ಹೊಸ ವಿಚಾರವೆಂಬಂತೆ ಹೇಳಿಕೊಳ್ಳುತ್ತವೆ. ಎಚ್ ಅಂಡ್ ಎಂ ತನ್ನ ಅಂಗಡಿಗಳಲ್ಲಿ ಹಳೆ ಬಟ್ಟೆ ಸಂಗ್ರಹಿಸಲು ಶುರುಮಾಡಿದ್ದು 2013ರಲ್ಲಿ. ಬೆಂಗಳೂರು, ಮೈಸೂರಿನ ಬೀದಿಗಳಲ್ಲಿ ‘ಹಳೇ ಜರಿ ಸೀರೆ’ ಎಂದು ಕೂಗುತ್ತ ಬರುವವರ ವ್ಯಾಪಾರ ಅದಕ್ಕಿಂತ ಎಷ್ಟೋ ಹಳತು. ಅದು ನಡೆದದ್ದು ಪರಿಸರದ ಕಾಳಜಿಯಿಂದಲ್ಲ. ನಾವು ಈಗ ಹೆಮ್ಮೆಪಡುವ ಹಾಗೆ ಹಿರಿಯರ ಮಿತವ್ಯಯದ ಗುಣವೊಂದರಿಂದಲೂ ಅಲ್ಲ. ಸವೆದ ಮೇಲೂ ಸೀರೆಯೊಳಗೆ ಬೆಲೆ ಉಳಿದಿರುತ್ತಿತ್ತು, ಅದಕ್ಕೆ.

ಅಪ್ಪಟ ಜರಿ ಎಂದರೆ ರೇಷ್ಮೆ ಎಳೆಗೆ ಬೆಳ್ಳಿಯ ತೆಳು ತಂತಿ ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟದ್ದು. 1912ರಲ್ಲಿ ಮೈಸೂರು ಅರಸರ ಕಾಲದಲ್ಲಿ ಶುರುವಾಗಿ ಈಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ (ಕೆಎಸ್‌ಐಸಿ) ನಡೆಸುವ ಕಾರ್ಖಾನೆಯ ಸೀರೆಗಳ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ. ಹಳೆ ಸೀರೆ ಕೊಳ್ಳುವವನ ಕೈ ಮೊದಲು ಹೋಗುವುದು ಸೆರಗಿಗೆ. ಒಡಲ ರೇಷ್ಮೆ ಎಷ್ಟು ಚೆನ್ನಾಗಿದ್ದರೂ ಅವನ ಲೆಕ್ಕಕ್ಕಿಲ್ಲ. ಜರಿಯನ್ನು ಒರೆಗಲ್ಲಿಗೆ ಉಜ್ಜುತ್ತಾನೆ. ತಾಮ್ರದ ಕೆಂಪು ಕಂಡಿತೋ, ಮಾತು ಮುಗಿಯಿತು. ಬೆಳ್ಳಿ ಕಂಡರೆ ತೂಕ, ಚೌಕಾಸಿ. ಕತ್ತರಿಸಿದ ಅಂಚನ್ನು ಸುಟ್ಟರೆ ರೇಷ್ಮೆ ಬೂದಿಯಾಗಿ ಲೋಹ ಉಳಿಯುತ್ತದೆ, ಕರಗಿಸಿದ ಬೆಳ್ಳಿ ಮತ್ತೆ ಪೇಟೆ ಸೇರುತ್ತದೆ.

ಇದೆಲ್ಲ ಬರೀ ಬಡತನದ ಕಥೆ ಎನ್ನುವವರಿದ್ದಾರೆ. ಆದರೆ ಜರಿ ಸೀರೆ ಉಟ್ಟವರು ಬಡವರಾಗಿರಲಿಲ್ಲವಲ್ಲ! ಬಟ್ಟೆಯೇ ಸುಟ್ಟುಹೋಗುವಾಗ ಇದೆಂಥ ಮರುಬಳಕೆ ಎಂಬ ಇನ್ನೊಂದು ಆಕ್ಷೇಪ ಮಾತ್ರ ನ್ಯಾಯವಾದದ್ದು. ಅಲ್ಲಿ ಉಳಿಯುತ್ತಿದ್ದದ್ದು ಬೆಳ್ಳಿ, ನೇಕಾರನ ಕೆಲಸವಲ್ಲ. ಬಟ್ಟೆ ಬಟ್ಟೆಯಾಗಿಯೇ ಉಳಿದದ್ದನ್ನು ನೋಡಬೇಕಾದರೆ ಹಳೆ ಬಟ್ಟೆ ಹೊಲಿದು ಮಾಡುವ ಹೊದಿಕೆಯಾದ ಕೌದಿಯ ಕಡೆ ತಿರುಗಬೇಕು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಸುತ್ತ ಸಿದ್ದಿ ಸಮುದಾಯದ ಹೆಂಗಸರು ಹಳೆ ಸೀರೆ ಹಾಸಿ, ಅದರ ಮೇಲೆ ಚಿಂದಿಗಳನ್ನಿಟ್ಟು ಅಂಚಿನಿಂದ ಒಳಕ್ಕೆ ಸುತ್ತುತ್ತ ಹೊಲಿಯುತ್ತಾರೆ, ಮೂಲೆಗಳಿಗೆ ಮಡಚಿದ ತುಂಡಿನ ಹೂ ಕೂಡಿಸುತ್ತಾರೆ. ಒಗೆದು ಒಗೆದು ಮೆತ್ತಗಾದ ಹತ್ತಿ ಇಲ್ಲಿ ಹೊಸದಕ್ಕಿಂತ ಹೆಚ್ಚು ಬೇಕಾದದ್ದು: ಸೂಜಿ ಸಲೀಸಾಗಿ ಇಳಿಯುತ್ತದೆ, ಬೆವರು ಹೀರುತ್ತದೆ, ಮಗುವಿನ ಮೈಗೆ ಒತ್ತುವುದಿಲ್ಲ. ಆ ಹೊಲಿಗೆಯ ದುಡಿಮೆಗೆ ಕೂಲಿ ಹಾಕಿದವರು ಕಡಿಮೆ ಎಂಬುದೂ ನಿಜವೇ. ಬಿಡುವಿದ್ದಾಗ ಹೆಂಗಸರು ಮಾಡುವ ಕೆಲಸವೆಂದು ಅದನ್ನು ಲೆಕ್ಕದಿಂದ ಹೊರಗಿಟ್ಟದ್ದರಿಂದಲೇ ಕೌದಿ ಅಗ್ಗವಾಗಿ ಕಂಡಿತು. ಹಳೆಯ ಪದ್ಧತಿಯನ್ನು ಹೊಗಳುವಾಗ ನಾವು ಸಾಮಾನ್ಯವಾಗಿ ಈ ಮಾತನ್ನು ನುಂಗಿಬಿಡುತ್ತೇವೆ.

ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರದೂ ಬಟ್ಟೆಯಲ್ಲಿ ಉಳಿದ ಬೆಲೆಯದೇ ತರ್ಕ. ಹರಿಯದ ಪ್ಯಾಂಟು, ಮಾಸದ ಸೀರೆ ತಂದವರಿಗೆ ದೊಡ್ಡ ಪಾತ್ರೆ.

ಹಾಗಾದರೆ ಈ ಪದ್ಧತಿ ಕೆಟ್ಟದ್ದೆಲ್ಲಿ? ಜನರ ಮನಸ್ಸಿನಲ್ಲಿ ಎನ್ನುವುದಕ್ಕಿಂತ ನೂಲಿನಲ್ಲಿ ಎನ್ನುವುದು ಸರಿ. ಬೆಳ್ಳಿಯ ಜಾಗಕ್ಕೆ ತಾಮ್ರದ ‘ಟೆಸ್ಟೆಡ್’ ಜರಿ ಬಂತು, ಆಮೇಲೆ ಲೋಹದ ಲೇಪವಿರುವ ಪ್ಲಾಸ್ಟಿಕ್ ಜರಿ. ಅದಕ್ಕೆ ಒರೆಗಲ್ಲು ಬೇಕಾಗಿಲ್ಲ. ಹತ್ತಿಯೊಳಗೆ ಪಾಲಿಯೆಸ್ಟರ್ ಬೆರೆಯಿತು, ಎರಡನ್ನೂ ಬೇರ್ಪಡಿಸುವ ಖರ್ಚು ಸಿಗುವ ನೂಲಿನ ಬೆಲೆಗೆ ತೂಗದು. ಅಗ್ಗದ ಬಟ್ಟೆಯಿಂದ ಬಡವರಿಗೂ ನಾಲ್ಕು ಜೊತೆ ಉಡುಪು ದಕ್ಕಿತು, ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಮಳಿಗೆಯ ಡಬ್ಬಿಗೆ ಹಳೆಯ ಅಂಗಿ ಹಾಕಿದವರಿಗೆ ಸಿಗುವ ರಿಯಾಯಿತಿ ಚೀಟಿಯನ್ನು ಒಮ್ಮೆ ನೋಡಿ. ಜರಿಯವನು ಕೊಟ್ಟದ್ದು ಹಳೆ ಸೀರೆಯ ಬೆಲೆ. ಚೀಟಿಗೆ ಬೆಲೆ ಬರುವುದು ಹೊಸ ಅಂಗಿ ಕೊಂಡರೆ ಮಾತ್ರ.