ಗಣಿತಸಾರಸಂಗ್ರಹದಲ್ಲಿ ಘನಮಾನ ಮತ್ತು ಮಾನಪರಿವರ್ತನೆ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹವು ಸಂಜ್ಞಾಧಿಕಾರದಿಂದ ಮೊದಲಾಗುತ್ತದೆ. ಅಳತೆಗಳ ಹೆಸರುಗಳನ್ನು ಹೇಳುವ ಈ ಭಾಗವನ್ನು ಬರಿಯ ಪೀಠಿಕೆಯೆಂದು ದಾಟಿ, ಸೂತ್ರಗಳಿರುವ ಅಧ್ಯಾಯಗಳಿಗೆ ಹೋಗುವುದು ವಾಚಕರ ವಾಡಿಕೆ. ಅಗೆತ ಮತ್ತು ಇಟ್ಟಿಗೆಗಳ ಲೆಕ್ಕವಿರುವ ಖಾತವ್ಯವಹಾರವನ್ನು ಈ ಭಾಗವಿಲ್ಲದೆ ಬಿಡಿಸಲಾಗದೆಂಬುದು ನಮ್ಮ ಅಭಿಪ್ರಾಯ.

ಸಂಜ್ಞಾಧಿಕಾರದಲ್ಲಿ ಎರಡು ಬಗೆಯ ಸೋಪಾನಗಳಿವೆ. ಉದ್ದದ ಅಳತೆಯಲ್ಲಿ 6 ಅಂಗುಲಕ್ಕೆ ಒಂದು ಪಾದ, 2 ಪಾದಕ್ಕೆ ಒಂದು ವಿತಸ್ತಿ, 2 ವಿತಸ್ತಿಗೆ ಒಂದು ಹಸ್ತ, 4 ಹಸ್ತಕ್ಕೆ ಒಂದು ದಂಡ. ಧಾನ್ಯದ ಅಳತೆಯಲ್ಲಿ ಷೋಡಶಿಕೆ, ಕುಡಬ, ಪ್ರಸ್ಥ, ಆಢಕ, ದ್ರೋಣ, ಮಾನಿ, ಖಾರಿ ಎಂಬಿವು ಒಂದಕ್ಕೊಂದು ನಾಲ್ಮಡಿಯಾಗಿ ಏರುತ್ತವೆ. ಖಾರಿಯೊಂದರಲ್ಲಿ 4096 ಷೋಡಶಿಕೆಗಳು. ಎರಡನೆಯ ಸೋಪಾನದ ಪ್ರತಿ ಮೆಟ್ಟಿಲೂ ತಾನಾಗಿಯೇ ಘನಮಾನ. ಆದುದರಿಂದ ಗುಣಕವನ್ನು ಒಮ್ಮೆ ಬಳಸಿದರೆ ಸಾಕು. ಮೊದಲನೆಯದರಲ್ಲಿ ಹಾಗಲ್ಲ. ಹಸ್ತಕ್ಕೆ 24 ಅಂಗುಲವಾದರೆ ಘನಹಸ್ತಕ್ಕೆ 24 ಘನಾಂಗುಲವಲ್ಲ, 13,824. ಇಂದಿನ ಮಾಧ್ಯಮಿಕ ಶಾಲೆಯ ಬಾಲಕನು ಮೀಟರಿಗೆ 100 ಸೆಂಟಿಮೀಟರೆಂದು ಕಲಿತು ಘನಮೀಟರಿಗೂ ಅಷ್ಟೇ ಎಂದು ಬರೆಯುವ ತಪ್ಪು ಇದೇ. ಅಲ್ಲಿ ಬರಬೇಕಾದುದು 10 ಲಕ್ಷ.

ಇಟ್ಟಿಗೆಯ ಗಣಿತದಲ್ಲಿ ಈ ಭೇದವು ಸ್ಫುಟವಾಗುತ್ತದೆ. ಆಚಾರ್ಯನು ಹೇಳುವ ಇಟ್ಟಿಗೆಯ ಉದ್ದ ಒಂದು ಹಸ್ತ, ಅಗಲ ಅರ್ಧ ಹಸ್ತ, ದಪ್ಪ 4 ಅಂಗುಲ. ಒಂದೇ ವಸ್ತುವಿನಲ್ಲಿ ಎರಡು ಮಾನಗಳು ಬೆರೆತಿರುವುದನ್ನು ಗಮನಿಸಬೇಕು. ಎಲ್ಲವನ್ನೂ ಅಂಗುಲಕ್ಕೆ ತಂದರೆ 24, 12, 4. ಗುಣಲಬ್ಧ 1152 ಘನಾಂಗುಲ. 13,824ನ್ನು ಇದರಿಂದ ಭಾಗಿಸಿದರೆ ಘನಹಸ್ತಕ್ಕೆ ಸರಿಯಾಗಿ 12 ಇಟ್ಟಿಗೆಗಳು, ಶೇಷವಿಲ್ಲ. 20 ಹಸ್ತ ಉದ್ದ, 2 ಹಸ್ತ ದಪ್ಪ, 6 ಹಸ್ತ ಎತ್ತರದ ಗೋಡೆಗೆ 2880 ಇಟ್ಟಿಗೆ ಬೇಕು. ಘನಹಸ್ತಕ್ಕೆ 24ನ್ನೇ ಹಿಡಿದವನಿಗೆ ಐದೇ ಇಟ್ಟಿಗೆಯಲ್ಲಿ ಗೋಡೆ ಮುಗಿಯುತ್ತದೆ!

ಅಂಗುಲ ಯಾವುದೆಂಬ ಪ್ರಶ್ನೆಯೂ ಉಂಟು. ವ್ಯವಹಾರಾಂಗುಲದ 500 ಮಡಿ ಪ್ರಮಾಣಾಂಗುಲ. ಆಯಾ ಕಾಲದ ಮನುಷ್ಯರ ಬೆರಳು ಆತ್ಮಾಂಗುಲ. ಲೋಕಸ್ವರೂಪವನ್ನು ವರ್ಣಿಸುವ ಗ್ರಂಥದ ಮಾನವನ್ನು ಬಾವಿಯ ಲೆಕ್ಕಕ್ಕೆ ತಂದರೆ ಘನಫಲದಲ್ಲಿ 12 ಕೋಟಿ 50 ಲಕ್ಷ ಮಡಿ ವ್ಯತ್ಯಾಸವಾದೀತು.

ಇನ್ನು ಬಾಯಿ ಅಗಲವಾಗಿ ತಳ ಕಿರಿದಾದ ಕೊಳದ ವಿಚಾರ. ಬಾಯಿ ಮತ್ತು ತಳದ ಭುಜಗಳ ಸರಾಸರಿಯಿಂದ ಬರುವ ಫಲ ಕರ್ಮಾಂತಿಕ. ಎರಡು ಕ್ಷೇತ್ರಫಲಗಳ ಸರಾಸರಿಯಿಂದ ಬರುವುದು ಔಂಡ್ರ. ಇವೆರಡರ ಅಂತರದ ಮೂರನೆಯ ಒಂದು ಭಾಗವನ್ನು ಕರ್ಮಾಂತಿಕಕ್ಕೆ ಕೂಡಿದರೆ ಸೂಕ್ಷ್ಮಫಲ ದೊರೆಯುತ್ತದೆ. ಚೌಕಾಕಾರದ ಕೊಳಕ್ಕೆ ಇದು ಇಂದಿನ ಗಣಿತಕ್ಕೂ ಪೂರ್ಣವಾಗಿ ಸಮ್ಮತ. ಬ್ರಹ್ಮಗುಪ್ತನು 628ರಲ್ಲಿಯೇ ಈ ನಿಯಮವನ್ನು ಹೇಳಿದ್ದನು.

ಹಸ್ತಪ್ರತಿಗಳ ಪರಿಶೋಧಕರಿಗೆ ಇದರಿಂದ ಆಗುವ ಉಪಯೋಗ ಸಣ್ಣದಲ್ಲ. ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಓಲೆಯಲ್ಲಿ ಚೌಕ ಕೊಳದ ಬಾಯಿ 18 ಹಸ್ತ, ತಳ 12 ಹಸ್ತ ಎಂದಿದೆ. ಆಳವನ್ನು ಹೇಳುವ ಪದ ನುಸಿ ತಿಂದು ಹೋಗಿದೆ. ಕನ್ನಡ ಟೀಕೆಯಲ್ಲಿ ಉತ್ತರ ಮಾತ್ರ 1368 ಎಂದು ಉಳಿದಿದೆ. ಒಂದು ಹಸ್ತ ಆಳಕ್ಕೆ ಕರ್ಮಾಂತಿಕ ಫಲ 225, ಔಂಡ್ರ 234, ಸೂಕ್ಷ್ಮ 228. ಮೊದಲನೆಯದರಿಂದ ಭಾಗಿಸಿದರೆ 6 2/25, ಎರಡನೆಯದರಿಂದ 5 11/13, ಮೂರನೆಯದರಿಂದ ಸರಿಯಾಗಿ 6. ಲುಪ್ತವಾದ ಪದ ‘ರಸ’ ಅಥವಾ ‘ಷಟ್’ ಆಗಿರಬೇಕೆಂದು ಊಹಿಸಲು ಇಷ್ಟು ಆಧಾರ ಸಾಕು. ಟೀಕಾಕಾರನು ಯಾವ ಸೂತ್ರವನ್ನು ಅನುಸರಿಸಿದನೆಂಬುದೂ ಇದರೊಡನೆ ತಿಳಿಯುತ್ತದೆ. ಛಂದಸ್ಸಿಗೆ ಹೊಂದುವುದೆಂಬ ಒಂದೇ ಕಾರಣದಿಂದ ಸಂಖ್ಯಾಪದವನ್ನು ತುಂಬುವ ಪದ್ಧತಿಗಿಂತ ಇದು ವಿಶ್ವಾಸಾರ್ಹ.

1912ರಲ್ಲಿ ಎಂ. ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಿಂದ ಪ್ರಕಟಿಸಿದರು. ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯನ ವ್ಯವಹಾರಗಣಿತದಂತಹ ಕನ್ನಡ ಗಣಿತಕೃತಿಗಳನ್ನೂ ಇದೇ ಕ್ರಮದಲ್ಲಿ, ಪ್ರತಿಯೊಂದು ಲೆಕ್ಕವನ್ನೂ ಬಿಡಿಸಿಯೇ, ಓದಬೇಕಾಗಿದೆ. ಆದರೆ ಲೆಕ್ಕಕ್ಕೆ ನಿಲುಕದ ಪಾಠಭೇದಗಳೂ ಇವೆ. ಬ್ರಹ್ಮಗುಪ್ತನಲ್ಲಿ ‘ಔತ್ರ’ವೆಂದಿರುವುದು ಇಲ್ಲಿ ‘ಔಂಡ್ರ’ವಾಗಿದೆ, ಇದನ್ನು ಓಲೆಗಳ ಲಿಪಿಯಿಂದಲೇ ವಿಚಾರಿಸಬೇಕು.