ಅರಸನ ಒಲವು, ಪ್ರಜೆಯ ಹಕ್ಕು: ಆದಿಲ್‌ಶಾಹಿ ವಿಜಯಪುರದ ಕನ್ನಡಿಯಲ್ಲಿ ಧಾರ್ಮಿಕ ಸ್ವಾತಂತ್ರ್ಯ

ವಿಜಯಪುರದ ಧಾರ್ಮಿಕ ಇತಿಹಾಸದ ಬಗ್ಗೆ ಎರಡು ಮಾತುಗಳು ಚಾಲ್ತಿಯಲ್ಲಿವೆ. ಆದಿಲ್‌ಶಾಹಿ ಕಾಲ ಸಾಮರಸ್ಯದ ಸುವರ್ಣಯುಗ ಎಂಬುದು ಒಂದು. ಅದು ಗುಡಿ ಕೆಡವಿ ಮಸೀದಿ ಕಟ್ಟಿದ ಆಳ್ವಿಕೆ ಎಂಬುದು ಇನ್ನೊಂದು. ಎರಡಕ್ಕೂ ಆಧಾರಗಳಿವೆ. ಆದರೆ ಆ ಕಾಲದಲ್ಲಿ ಜನ ಅನುಭವಿಸಿದ ಧಾರ್ಮಿಕ ಸ್ವಾತಂತ್ರ್ಯ ಯಾವುದರ ಆಸರೆಯಲ್ಲಿ ನಿಂತಿತ್ತು ಎಂಬ ಪ್ರಶ್ನೆಯನ್ನು ಎರಡೂ ಎತ್ತುವುದಿಲ್ಲ. ಅರಸನ ಮನಸ್ಸೋ, ಆಡಳಿತದ ಅಗತ್ಯವೋ, ಜನರ ರೂಢಿಯೋ? ಈ ಲೇಖನ ಆ ಪ್ರಶ್ನೆಯನ್ನು ಹಿಡಿದು ವಿಜಯಪುರ, ತಿಕೋಟಾ, ಬಬಲೇಶ್ವರದ ಸುತ್ತಲಿನ ಏಳು ಶತಮಾನಗಳನ್ನು ನೋಡುತ್ತದೆ.

ಗದ್ದುಗೆಯೊಂದಿಗೆ ಬದಲಾದ ಪಂಥ

ಮೊದಲು ಒಂದು ಕಟ್ಟಡ. ವಿಜಯಪುರದ ಒಳಕೋಟೆಯಾದ ಅರಕಿಲ್ಲೆಯೊಳಗಿನ ಮಲಿಕ್ ಕರೀಮುದ್ದೀನ್ ಮಸೀದಿ ಆದಿಲ್‌ಶಾಹಿಗಳಿಗಿಂತ ಹಳೆಯದು. ಅದು 1320ರದು, ಖಲ್ಜಿಗಳ ಅಧಿಕಾರ ಇಲ್ಲಿಗೆ ಕಾಲಿಟ್ಟ ಕಾಲದ್ದು. ಅದರ ಕಂಬಗಳು ಗುಡಿಯ ಕಂಬಗಳು. ಅಲ್ಲಿನ ನಾಗರಿ ಶಾಸನ ಸಾಲೋಟಗಿಯ ಶಿಲ್ಪಿ ರೇವೋಯನನ್ನು ಹೆಸರಿಸುತ್ತದೆ. ಗೆದ್ದವರ ಹಿಂಸೆ, ಸ್ಥಳೀಯರ ದುಡಿಮೆ ಎರಡೂ ಒಂದೇ ಕಟ್ಟಡದಲ್ಲಿ ಸೇರಿವೆ.

1490ರ ಸುಮಾರಿಗೆ ರಾಜ್ಯ ಕಟ್ಟಿದ ಯೂಸುಫ್ ಆದಿಲ್ ಖಾನ್ 1502-03ರಲ್ಲಿ ಹನ್ನೆರಡು ಇಮಾಮರ ಹೆಸರಿನಲ್ಲಿ ಖುತ್ಬಾ (ಶುಕ್ರವಾರದ ಪ್ರವಚನ) ಓದಿಸಿ ಶಿಯಾ ಪಂಥವನ್ನು ರಾಜ್ಯದ ಪಂಥವೆಂದು ಸಾರಿದ. ಇರಾನಿನಲ್ಲಿ ಸಫವಿಗಳು ಇದನ್ನೇ ಮಾಡಿ ಒಂದೆರಡು ವರ್ಷವಷ್ಟೇ ಆಗಿತ್ತು. ಸುನ್ನಿ ಅಮೀರರು ತಮ್ಮ ಜಹಗೀರುಗಳಲ್ಲಿ ತಮ್ಮ ಪದ್ಧತಿಯಂತೆ ಆಜಾನ್ ಕೂಗಿಸಲು ಯೂಸುಫ್ ಅವಕಾಶ ಕೊಟ್ಟಿದ್ದನೆಂದು ವಿಜಯಪುರದಲ್ಲೇ ಇದ್ದು ಚರಿತ್ರೆ ಬರೆದ ಫಿರಿಶ್ತಾ ಹೇಳುತ್ತಾನೆ. ಹಾಗಿದ್ದರೂ ನೆರೆಯ ಸುನ್ನಿ ಅರಸರು ಒಟ್ಟಾಗಿ ಮೇಲೆ ಬಿದ್ದಾಗ ಆತ ಕೆಲಕಾಲ ಘೋಷಣೆಯನ್ನು ಹಿಂದಕ್ಕೆ ಪಡೆಯಬೇಕಾಯಿತು.

ಮಗ ಇಸ್ಮಾಯಿಲ್ ತನ್ನ ಸೈನ್ಯಕ್ಕೆ ಇರಾನಿನ ಹನ್ನೆರಡು ಮೂಲೆಯ ಕೆಂಪು ಟೊಪ್ಪಿಗೆಯನ್ನು ಕಡ್ಡಾಯ ಮಾಡಿದ. 1534ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಇಬ್ರಾಹಿಂ ಸುನ್ನಿ ಪಂಥಕ್ಕೆ ಮರಳಿ ಆ ಟೊಪ್ಪಿಗೆಯನ್ನು ನಿಷೇಧಿಸಿದ. ಇರಾನ್ ಮೂಲದವರನ್ನು ದೊಡ್ಡ ಸಂಖ್ಯೆಯಲ್ಲಿ ಕೆಲಸದಿಂದ ತೆಗೆದು ದಖ್ಖನಿಗಳನ್ನು ಸೇರಿಸಿಕೊಂಡ. 1558ರಲ್ಲಿ ಒಂದನೆಯ ಅಲಿ ಮತ್ತೆ ಶಿಯಾ ಪಂಥವನ್ನು ತಂದ. 1580ರಲ್ಲಿ ಬಾಲಕ ಎರಡನೆಯ ಇಬ್ರಾಹಿಂ ಪಟ್ಟವೇರಿದ ಮೇಲೆ, ರಾಜಪ್ರತಿನಿಧಿಯಾದ ಹಬ್ಶಿ (ಆಫ್ರಿಕಾ ಮೂಲದ) ದಿಲಾವರ್ ಖಾನ್ ಸುನ್ನಿ ಪದ್ಧತಿಯನ್ನು ಮರಳಿ ಸ್ಥಾಪಿಸಿದ. ಎಂಬತ್ತು ವರ್ಷಗಳಲ್ಲಿ ನಾಲ್ಕು ಬಾರಿ ರಾಜ್ಯದ ಪಂಥ ಮಗ್ಗುಲು ಬದಲಿಸಿತ್ತು.

ಪ್ರತಿ ಬದಲಾವಣೆಯ ಹಿಂದೆ ನಂಬಿಕೆಯಷ್ಟೇ ನೌಕರಿಯ ಲೆಕ್ಕವೂ ಇತ್ತು. ಶಿಯಾ ಪಂಥ ಮೇಲಾದಾಗ ಆಫಾಕಿಗಳೆಂಬ ಹೊರಗಿನವರಿಗೆ, ಸುನ್ನಿ ಪಂಥ ಮೇಲಾದಾಗ ದಖ್ಖನಿ ಮತ್ತು ಹಬ್ಶಿ ಸರದಾರರಿಗೆ ಹುದ್ದೆ ಸಿಗುತ್ತಿತ್ತು. ಹಾಗಾಗಿ ಈ ಏರಿಳಿತದ ಬಿಸಿ ಹೆಚ್ಚು ತಟ್ಟಿದ್ದು ದರಬಾರಿಗೆ. ಹಳ್ಳಿಯ ರೈತನಿಗೆ ಅರಸ ಯಾರ ಹೆಸರಿನಲ್ಲಿ ಖುತ್ಬಾ ಓದಿಸಿದರೂ ಕಂದಾಯ ಕೇಳಲು ಬರುವವರು ಅದೇ ಕುಲಕರ್ಣಿ, ಅದೇ ಗೌಡ. ಒಂದನೆಯ ಇಬ್ರಾಹಿಂ ಕಂದಾಯದ ಲೆಕ್ಕವನ್ನು ಪಾರಸಿಯಿಂದ ದೇಶಭಾಷೆಗೆ ತಂದು ಬ್ರಾಹ್ಮಣ ಕರಣಿಕರ ಕೈಗೆ ಒಪ್ಪಿಸಿದ್ದು ಈ ನಂಟನ್ನು ಇನ್ನಷ್ಟು ಗಟ್ಟಿಮಾಡಿತು. ಬಹುಸಂಖ್ಯಾತ ಹಿಂದೂ ಪ್ರಜೆಗಳಿಗೆ ದೊರೆತ ನೆಮ್ಮದಿಯ ಒಂದು ಭಾಗ ಔದಾರ್ಯದ್ದು. ದೊಡ್ಡ ಭಾಗ ಅವರಿಲ್ಲದೆ ರಾಜ್ಯ ನಡೆಯದು ಎಂಬ ಅರಿವಿನದು.

ಜಗದ್ಗುರು ಬಾದಶಹ

ಎರಡನೆಯ ಇಬ್ರಾಹಿಂ (1580–1627) ಈ ಲೆಕ್ಕಾಚಾರವನ್ನು ಮೀರಿದ ಅರಸ. ದಖನಿ ಭಾಷೆಯಲ್ಲಿ ಆತ ರಚಿಸಿದ ‘ಕಿತಾಬ್-ಎ-ನವರಸ್’ ಸರಸ್ವತಿಯನ್ನೂ ಗಣಪತಿಯನ್ನೂ ಕಲಬುರಗಿಯ ಸೂಫಿ ಸಂತ ಬಂದೇನವಾಜರನ್ನೂ ಸ್ತುತಿಸುತ್ತದೆ. ಆತನ ಕೆಲವು ಫರ್ಮಾನುಗಳ ತಲೆಯಲ್ಲಿ ಸರಸ್ವತಿಯ ಪೂಜೆಯ ಉಲ್ಲೇಖವಿದೆ. 1599ರಲ್ಲಿ ನಗರದ ಪಶ್ಚಿಮಕ್ಕೆ ನವರಸಪುರ ಕಟ್ಟಿಸತೊಡಗಿದ. ಅರಕಿಲ್ಲೆಯ ನರಸಿಂಹ ಗುಡಿಯೊಂದಿಗೆ ಜನ ಇಂದಿಗೂ ಆತನ ಹೆಸರನ್ನು ಸೇರಿಸಿ ಹೇಳುತ್ತಾರೆ. ಜಗದ್ಗುರು ಬಾದಶಹ ಎಂಬ ಬಿರುದು ಉಳಿದಿರುವುದೂ ಜನರ ಬಾಯಲ್ಲೇ.

ಅದೇ ದಶಕಗಳ ಜಗತ್ತಿನೊಂದಿಗೆ ಹೋಲಿಸಿದರೆ ಇದರ ತೂಕ ತಿಳಿಯುತ್ತದೆ. 1510ರಲ್ಲಿ ಆದಿಲ್‌ಶಾಹಿಗಳಿಂದ ಪೋರ್ಚುಗೀಸರ ಪಾಲಾದ ಗೋವೆಯಲ್ಲಿ 1560ರಿಂದ ಧರ್ಮವಿಚಾರಣಾ ನ್ಯಾಯಾಲಯ ನಡೆಯುತ್ತಿತ್ತು. ಕಿರುಕುಳಕ್ಕೆ ಬೇಸತ್ತ ಎಷ್ಟೋ ಕೊಂಕಣಿ ಕುಟುಂಬಗಳು ಕನ್ನಡ ಕರಾವಳಿಗೆ ಬಂದು ನೆಲೆಸಿದವು. ಫ್ರಾನ್ಸಿನಲ್ಲಿ ದಶಕಗಳ ಮತೀಯ ಯುದ್ಧದ ಬಳಿಕ 1598ರಲ್ಲಿ ನಾಂತ್ ಶಾಸನ ಪ್ರೊಟೆಸ್ಟಂಟರಿಗೆ ಮಿತವಾದ ಆರಾಧನಾ ಹಕ್ಕು ಕೊಟ್ಟಿತು.

ಆದರೆ 1685ರಲ್ಲಿ ಹದಿನಾಲ್ಕನೆಯ ಲೂಯಿ ಆ ಶಾಸನವನ್ನು ರದ್ದುಮಾಡಿದ. ಮರುವರ್ಷವೇ, 1686ರ ಸೆಪ್ಟೆಂಬರಿನಲ್ಲಿ, ವಿಜಯಪುರ ಔರಂಗಜೇಬನ ವಶವಾಯಿತು. ಅಕ್ಬರ್ 1564ರಲ್ಲಿ ತೆಗೆದುಹಾಕಿದ್ದ, ಮುಸ್ಲಿಮೇತರರ ಮೇಲಿನ ಜಿಜಿಯಾ ತೆರಿಗೆಯನ್ನು 1679ರಲ್ಲಿ ಮತ್ತೆ ಹೇರಿದ್ದ ಬಾದಶಹ ಆತ. ಪ್ಯಾರಿಸಿನಲ್ಲಾಗಲಿ ವಿಜಯಪುರದಲ್ಲಾಗಲಿ ಪ್ರಭು ಕೊಟ್ಟಿದ್ದನ್ನು ಇನ್ನೊಬ್ಬ ಪ್ರಭು ಹಿಂದಕ್ಕೆ ಪಡೆಯಲು ಅಡ್ಡಿಯಿರಲಿಲ್ಲ.

ದರಬಾರಿನ ಆಚೆ

ಅರಸರು ಹೋದ ಮೇಲೂ ಉಳಿದದ್ದು ಏನು? ಉತ್ತರಕ್ಕೆ ಕೋಟೆಯಿಂದ ಹಳ್ಳಿಗೆ ಬರಬೇಕು. ಬಬಲೇಶ್ವರ ಸೀಮೆಯ ಕಾಖಂಡಕಿಯ ಮಹಿಪತಿದಾಸರು 17ನೇ ಶತಮಾನದವರು. ಆದಿಲ್‌ಶಾಹಿ ದರಬಾರಿನಲ್ಲಿ ಅಧಿಕಾರಿಯಾಗಿದ್ದ ಅವರನ್ನು ಸೂಫಿ ಸಂತರೊಬ್ಬರ ಭೇಟಿ ವೈರಾಗ್ಯದತ್ತ ತಿರುಗಿಸಿತು, ಬಳಿಕ ಸಾರವಾಡದ ಭಾಸ್ಕರಸ್ವಾಮಿಗಳು ಗುರುವಾದರು ಎಂಬುದು ಪರಂಪರೆಯ ನಂಬಿಕೆ. ಕನ್ನಡದ ಜೊತೆಗೆ ಮರಾಠಿ, ಹಿಂದಿ ಭಾಷೆಗಳಲ್ಲೂ ಅವರ ಪದಗಳಿವೆ. ಇತ್ತ ವಿಜಯಪುರದ ಶಹಾಪುರ ದಿನ್ನೆಯ ಸೂಫಿಗಳು ದಖನಿಯಲ್ಲಿ ಬೀಸುವ, ನೂಲುವ ಹಾಡುಗಳ ಮೂಲಕ ಹೆಂಗಸರ ಬಾಯಿಗೆ ತಮ್ಮ ಬೋಧೆಯನ್ನು ತಲುಪಿಸಿದರು. ಸೂಫಿಗಳೆಲ್ಲ ಒಂದೇ ಬಗೆಯವರಲ್ಲ. ಅವರಲ್ಲಿ ಯೋಧರು, ಕಟ್ಟಾ ಸುಧಾರಕರು, ಜಹಗೀರುದಾರರು, ಕವಿಗಳು ಎಲ್ಲರೂ ಇದ್ದರೆಂದು ರಿಚರ್ಡ್ ಈಟನ್ 1978ರ ತಮ್ಮ ಗ್ರಂಥದಲ್ಲಿ ತೋರಿಸಿದ್ದಾರೆ. ಮೊಹರಮ್ಮಿನಲ್ಲಿ ಅಲಾಯಿ ಕುಣಿತಕ್ಕೂ ರಿವಾಯತ ಪದಕ್ಕೂ ಎಲ್ಲ ಜಾತಿಯವರು ಸೇರುವ ಈ ಭಾಗದ ರೂಢಿ ಯಾವ ಫರ್ಮಾನಿನಿಂದಲೂ ಹುಟ್ಟಿದ್ದಲ್ಲ. ಯಾವ ಫರ್ಮಾನಿನಿಂದಲೂ ಅಳಿಯಲಿಲ್ಲ.

ಆದರೆ ರೂಢಿಗೂ ಮಿತಿಯಿದೆ. ಅದು ಸಮುದಾಯಗಳ ನಡುವೆ ಸ್ನೇಹ ಬೆಳೆಸುತ್ತದೆ. ಸಮುದಾಯದೊಳಗಿನ ಒಂಟಿ ದನಿಯನ್ನು ಕಾಯುವ ಭರವಸೆ ಕೊಡುವುದಿಲ್ಲ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿದ್ದ ಸಿದ್ಧೇಶ್ವರ ಸ್ವಾಮೀಜಿ, ಮಠಾಧೀಶರ ದೇಹವನ್ನು ಸಮಾಧಿ ಮಾಡುವ ರೂಢಿಗೆ ಹೊರತಾಗಿ, ತಮ್ಮ ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಸ್ಮಾರಕ ಕಟ್ಟಬಾರದು ಎಂದು 2014ರಲ್ಲೇ ಬರೆದಿಟ್ಟಿದ್ದರು. 2023ರ ಜನವರಿಯಲ್ಲಿ ಅವರ ನಿಧನದ ಬಳಿಕ ಭಕ್ತರು ಹಾಗೆಯೇ ನಡೆದುಕೊಂಡರು. ಎಲ್ಲರೂ ಪೂಜಿಸುವ ಸಂತರ ಆಯ್ಕೆಗೆ ಸಿಕ್ಕ ಈ ಮನ್ನಣೆ ಸಾಮಾನ್ಯನ ಆಯ್ಕೆಗೂ ಸಿಗಬೇಕಾದರೆ ಕಾನೂನು ಬೇಕು.

ಕೃಪೆಯಿಂದ ಹಕ್ಕಿಗೆ

1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 18ನೇ ವಿಧಿ ಧರ್ಮವನ್ನು ಬದಲಿಸುವ ಸ್ವಾತಂತ್ರ್ಯವನ್ನೂ ಒಳಗೊಂಡಿದೆ. 1950ರ ಭಾರತ ಸಂವಿಧಾನದ 25ರಿಂದ 28ನೇ ವಿಧಿಗಳು, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು, ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಹಕ್ಕಾಗಿಸಿದವು. ಉಡುಪಿಯ ಶೀರೂರು ಮಠದ ಪ್ರಕರಣದಲ್ಲಿ 1954ರಲ್ಲಿ ಸುಪ್ರೀಂ ಕೋರ್ಟ್ ಧರ್ಮದ ಅಗತ್ಯ ಆಚರಣೆಗಳಿಗೆ ರಕ್ಷಣೆಯಿದೆ ಎಂದಿತು. ಕ್ರಮೇಣ ಯಾವುದು ಅಗತ್ಯ ಎಂದು ಹೇಳುವ ಹೊಣೆ ನ್ಯಾಯಾಲಯದ ಮೇಲೇ ಬಿತ್ತು.

ಯಾವುದು ಧರ್ಮ, ಯಾರು ಅದರೊಳಗಿನವರು ಎಂದು ಪ್ರಭುತ್ವ ತೀರ್ಮಾನಿಸುವ ಹಳೆಯ ಸಮಸ್ಯೆ ಹೀಗೆ ಹೊಸ ರೂಪದಲ್ಲಿ ಮುಂದುವರಿದಿದೆ. ಲಿಂಗಾಯತ ಪ್ರತ್ಯೇಕ ಧರ್ಮದ ಬೇಡಿಕೆಯ ಮುಂಚೂಣಿಯಲ್ಲಿ ಬಬಲೇಶ್ವರದ ಶಾಸಕರೇ ಇದ್ದರು. ಆ ಬೇಡಿಕೆಯನ್ನು ಪರಿಶೀಲಿಸಿದ ನಾಗಮೋಹನ ದಾಸ್ ಸಮಿತಿಯ ಶಿಫಾರಸನ್ನು ರಾಜ್ಯ ಸಂಪುಟ 2018ರ ಮಾರ್ಚಿನಲ್ಲಿ ಒಪ್ಪಿತು, ಕೇಂದ್ರ ಒಪ್ಪಲಿಲ್ಲ. ಪಾಕಿಸ್ತಾನ 1974ರಲ್ಲಿ ಅಹ್ಮದಿಯರನ್ನು ಮುಸ್ಲಿಮರಲ್ಲವೆಂದು ಸಂವಿಧಾನದಲ್ಲೇ ಬರೆಯಿತು. ಇರಾನಿನ ಸಂವಿಧಾನ ಬಹಾಯಿಗಳನ್ನು ಗುರುತಿಸುವುದೇ ಇಲ್ಲ. ಸರ್ಕಾರಿ ಶಾಲೆಗಳಲ್ಲಿ ಎದ್ದುಕಾಣುವ ಧಾರ್ಮಿಕ ಚಿಹ್ನೆಗಳನ್ನು ಫ್ರಾನ್ಸ್ 2004ರಲ್ಲಿ ನಿಷೇಧಿಸಿತು. ಹಿಜಾಬ್ ಬಗ್ಗೆ ನಮ್ಮ ಹೈಕೋರ್ಟ್ 2022ರಲ್ಲಿ ಕೊಟ್ಟ ತೀರ್ಪಿನ ಮೇಲೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ಅಭಿಪ್ರಾಯ ಕೊಟ್ಟರು. ಇಸ್ಮಾಯಿಲ್ ಹೇರಿದ, ಒಂದನೆಯ ಇಬ್ರಾಹಿಂ ನಿಷೇಧಿಸಿದ ಟೊಪ್ಪಿಗೆಯ ಪ್ರಶ್ನೆ ಇತಿಹಾಸದ ಪುಟಕ್ಕಷ್ಟೇ ಸೇರಿದ್ದಲ್ಲ. ವ್ಯತ್ಯಾಸವಿಷ್ಟೇ: ಇಂದು ಪ್ರಜೆ ಆಜ್ಞೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಲ್ಲ. ಆ ವ್ಯತ್ಯಾಸ ಸಣ್ಣದಲ್ಲ.

ಸಮಾರೋಪ

ಆದಿಲ್‌ಶಾಹಿ ಕಾಲದ ಧಾರ್ಮಿಕ ಸ್ವಾತಂತ್ರ್ಯ ನಿಜ. ಅದರ ಅಭದ್ರತೆಯೂ ಅಷ್ಟೇ ನಿಜ. ಅರಸನ ಒಲವು ಅದಕ್ಕೆ ಎತ್ತರ ಕೊಟ್ಟಿತು, ಆಡಳಿತದ ಅಗತ್ಯ ಸ್ಥಿರತೆ ಕೊಟ್ಟಿತು, ಜನರ ರೂಢಿ ಆಯುಸ್ಸು ಕೊಟ್ಟಿತು. ಹಕ್ಕಿನ ಬಲವನ್ನು ಇವುಗಳಲ್ಲಿ ಯಾವುದೂ ಕೊಡಲಿಲ್ಲ. ಸಂವಿಧಾನ ಕೊಟ್ಟದ್ದು ಅದನ್ನು. ಹಾಗೆಯೇ, ರೂಢಿಯ ಬೆಂಬಲವಿಲ್ಲದ ಹಕ್ಕು ಕೋರ್ಟಿನ ಕಟ್ಟೆಯಲ್ಲೇ ಉಳಿಯುತ್ತದೆ. ಈ ಸೀಮೆಯ ದರ್ಗಾ, ಮಠ, ಗುಡಿಗಳಲ್ಲಿ ಇನ್ನೂ ಉಳಿದಿರಬಹುದಾದ ಸನದು, ಫರ್ಮಾನುಗಳನ್ನು ಓದಿ ಪ್ರಕಟಿಸುವ ಕೆಲಸ ಬಹಳಷ್ಟಿದೆ. ಆದಿಲ್‌ಶಾಹಿ ಸಾಹಿತ್ಯವನ್ನು ಕನ್ನಡಕ್ಕೆ ತರಿಸಿದ ವಿಜಯಪುರದ ಹಳಕಟ್ಟಿ ಸಂಶೋಧನಾ ಕೇಂದ್ರ ದಾರಿ ತೋರಿಸಿದೆ; ಪಾರಸಿ, ಮೋಡಿ, ಕನ್ನಡ ಮೂರನ್ನೂ ಓದಬಲ್ಲ ಯುವ ಸಂಶೋಧಕರು ಅದನ್ನು ಮುಂದುವರಿಸಬೇಕು.